ಉಬ್ಬುಚಿತ್ರದ ಫಲಕ ಮಣ್ಣಲ್ಲಿ ಮಾಡುವುದು

ನಮ್ಮದು ಶಿರಸಿಯ ಗುಡಿಗಾರರ ಮನೆ. ಅಪ್ಪ ಶ್ರೀಗಂಧದಲ್ಲಿ ಕೆತ್ತುತ್ತಿದ್ದ ಬಳ್ಳಿಯನ್ನು ನಾನು ಮಣ್ಣಿಗಿಳಿಸುತ್ತೇನೆ. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕುಂಬಾರರು ಗೋಡೆಗೆ ತೂಗುಹಾಕುವ ಬಣ್ಣದ ಫಲಕಗಳನ್ನು ಅಚ್ಚಿನಲ್ಲೇ ತೆಗೆಯುತ್ತಿದ್ದರು. ನನ್ನದೂ ಅದೇ ದಾರಿ.

ಮೊದಲು ಮೇಣದಲ್ಲಿ ಮೂಲರೂಪ. 1775ರಿಂದ ಇಂಗ್ಲೆಂಡಿನ ಕುಂಬಾರಿಕೆ ಸಂಸ್ಥೆ ವೆಜ್‌ವುಡ್‌ಗಾಗಿ ಕೆಲಸ ಮಾಡಿದ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಕೂಡ ಮೇಣದಲ್ಲೇ ಮಾದರಿ ಮಾಡುತ್ತಿದ್ದರು. ಇಲ್ಲಿ ಅವಸರ ಮಾಡಬೇಡಿ. ನೆರಳು ಬೀಳಲೆಂದು ಅಪ್ಪ ಎಲೆಯ ಅಡಿಗೂ ಉಳಿ ಹಾಕುತ್ತಿದ್ದರು. ಅಚ್ಚಿನ ಕೆಲಸದಲ್ಲಿ ಅದು ಸಲ್ಲದು, ಮಣ್ಣು ಅಲ್ಲೇ ಸಿಕ್ಕಿ ಹರಿಯುತ್ತದೆ. ಒಂದು ಕಣ್ಣು ಮುಚ್ಚಿ ನೇರ ಮೇಲಿಂದ ನೋಡಿ. ಕಾಣದ ಸಂದು ಎಲ್ಲಿದೆಯೋ ಅಲ್ಲಿ ಮೇಣ ತುಂಬಿ ಇಳಿಜಾರು ಮಾಡಿ.

ಅಚ್ಚಿಗೆ ಒಂದು ಕೆಜಿ ಪ್ಲಾಸ್ಟರ್ ಆಫ್ ಪ್ಯಾರಿಸ್, 700 ಮಿಲಿ ನೀರು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಹೊಯ್ಯಬಾರದು. ಕಲಸಿದ್ದನ್ನು ಮೇಣದ ಮೂಲರೂಪದ ಮೇಲೆ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿದರೆ ಅದೇ ಅಚ್ಚು. ಅಚ್ಚು ಪೂರ್ತಿ ಒಣಗಿದ ಮೇಲೆ ಹದಮಾಡಿದ ಜೇಡಿಮಣ್ಣನ್ನು ನಡುವಿನಿಂದ ಅಂಚಿನತ್ತ ಹೆಬ್ಬೆರಳಲ್ಲಿ ಒತ್ತಿ. ಅಚ್ಚು ನೀರು ಹೀರಿದಂತೆ ಮಣ್ಣು ಕುಗ್ಗಿ ತಾನೇ ಬಿಡುತ್ತದೆ. ತೂಗುಹಾಕಲು ಮೇಲೆ ಎರಡು ತೂತು ಆಗಲೇ ಚುಚ್ಚಿಬಿಡಿ.

ಇನ್ನು ಒಣಗಿಸುವುದು. ಒಂದು ಆಷಾಢದಲ್ಲಿ ಮಳೆ ಬಿಡಲಿಲ್ಲವೆಂದು ಫಲಕವನ್ನು ಬಚ್ಚಲೊಲೆಯ ಪಕ್ಕ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬೆಂಕಿಯ ಕಡೆಯ ಅಂಚು ಹಪ್ಪಳದಂತೆ ಎದ್ದು, ಹೂವಿನ ನಡುವೆ ಸೀಳು ಬಿಟ್ಟಿತ್ತು. ತಿಂಗಳ ಕೆಲಸ, ತುಂಬ ಸಂಕಟವಾಯಿತು. ಈಗ ಸಾಲಾಗಿ ಜೋಡಿಸಿದ ಅಡಿಕೆ ದಬ್ಬೆಯ ಮೇಲಿಟ್ಟು, ಅಡಿಯಿಂದಲೂ ಗಾಳಿಯಾಡಲು ಬಿಟ್ಟು, ಮೇಲೆ ಹಳೇ ಪಂಚೆ ಹೊದೆಸಿ, ದಿನಕ್ಕೊಮ್ಮೆ ಮಗುಚುತ್ತೇನೆ. ಮಳೆಗಾಲದಲ್ಲಿ ಮೂರು ವಾರವಾದರೂ ಸರಿ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗಿನ್ನೂ ಪಸೆಯಿದೆ.

ಮೊದಲ ಸುಡುವಿಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ. ಆಮೇಲೆ ಬಣ್ಣ: ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ಕಂದಿಗೆ ಮ್ಯಾಂಗನೀಸ್. ಆ ಕಾಲದ ಕುಂಬಾರರು ಇದರ ಮೇಲೆ ಸೀಸದ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹಾಕುತ್ತಿದ್ದರು; ಸೀಸ ವಿಷ, ನೀವು ಸೀಸವಿಲ್ಲದ್ದನ್ನೇ ತನ್ನಿ. ತೆಳುವಾಗಿ ಬಳಿಯಿರಿ, ದಪ್ಪವಾದರೆ ಎಲೆಯ ನರಗಳೆಲ್ಲ ಮುಚ್ಚಿಹೋಗುತ್ತವೆ.

ಎರಡನೇ ಸಲ ಸುಟ್ಟು, ಭಟ್ಟಿ ಪೂರಾ ಆರಿದ ಮೇಲೆ ತೆಗೆದು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಗೋಡೆಗೆ ತೂಗುಹಾಕಿ. ಎದುರಿನಿಂದ ಬೆಳಕು ಬಿದ್ದರೆ ಉಬ್ಬು ಕಾಣುವುದೇ ಇಲ್ಲ.