ಅಮೆರಿಕಕ್ಕ ಹೋದ ನಮ್ಮ ಕಡಿ ನರ್ಸ್‌ಗಳು ಲೈಸೆನ್ಸ್ ತಗೊಳ್ಳೋದು ಹೆಂಗ?

ಕಲಬುರಗಿಯೊಳಗ ಬಿಎಸ್ಸಿ ನರ್ಸಿಂಗ್ ಮುಗಿಸಿ, ಲಗ್ನ ಆಗಿ ಗಂಡನ ಜೋಡಿ ಕ್ಯಾಲಿಫೋರ್ನಿಯಾಕ್ಕ ಹೋದವ್ರು ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡೋ ಗುರ್ತಿನ ನಂಬರ್) ಇಲ್ಲ ಅಂತ ಸುಮ್ನ ಕೂಡಬ್ಯಾಡ್ರಿ. 2014ರಾಗ ಅಲ್ಲಿ ಕಾನೂನು ಬದಲಾಗ್ಯದ, ಅದರ ಬದ್ಲಿ ಅಲ್ಲಿ ತೆರಿಗಿ ಇಲಾಖೆಯವ್ರು ಕೊಡೋ ಐಟಿಐಎನ್ ನಂಬರ್ ಹಾಕಿದ್ರೂ ನಡೀತದ, ವೀಸಾ ಯಾವ್ದು ಅಂತ ನೋಡಿ ಲೈಸೆನ್ಸ್ ತಡಿಯಂಗಿಲ್ಲ. ಆದ್ರ ಲೈಸೆನ್ಸ್ ಬ್ಯಾರೆ, ಕೆಲ್ಸದ ಪರ್ಮಿಟ್ ಬ್ಯಾರೆ, ಇದು ನೆನಪಿರ್ಲಿ.

ಮೊದ್ಲ ಹೆಸರು ನೋಡ್ಕೋರಿ. ನಮ್ಮ ಅಕ್ಕನ ಮಗಳ ಮಾರ್ಕ್ಸ್ ಕಾರ್ಡಿನ್ಯಾಗ ಅಪ್ಪನ ಹೆಸರು ಪೂರಾ, ಪಾಸ್‌ಪೋರ್ಟಿನ್ಯಾಗ ಬರೇ ಇನಿಷಿಯಲ್, ಅದೊಂದಕ್ಕ ಅಫಿಡವಿಟ್ಟು, ನೋಟರಿ, ಭಾಳ ಓಡಾಟ ಆಯ್ತು, ಊರಾಗ ಇದ್ದಾಗ್ಲೇ ಸರಿ ಮಾಡ್ಸ್‌ರಿ. ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಮಾರ್ಕ್ಸ್ ಎಲ್ಲಾ ಇರೋ ಕಾಲೇಜಿನ ದಾಖಲೆ) ನೀವು ಕಳ್ಸಿದ್ರ ನಡಿಯಂಗಿಲ್ಲ, ಕಾಲೇಜಿನವ್ರೇ ನೇರ ಲೈಸೆನ್ಸ್ ಕೊಡೋ ಕ್ಯಾಲಿಫೋರ್ನಿಯಾದ ನರ್ಸಿಂಗ್ ಬೋರ್ಡಿಗಿ ಕಳಿಸ್ಬೇಕು, ಹಂಗಾಗಿ ಆಫೀಸ್ ಕ್ಲರ್ಕ್ ನಂಬರ್ ಇಟ್ಕೋರಿ (ನಗಬ್ಯಾಡ್ರಿ, ಅರ್ಧ ಕೆಲ್ಸ ಅಲ್ಲೇ ಅದ).

ಬೋರ್ಡ್ ಹೂಂ ಅಂದಮ್ಯಾಲ ಎನ್‌ಕ್ಲೆಕ್ಸ್, ಅಂದ್ರ ನರ್ಸ್ ಲೈಸೆನ್ಸಿಗಿ ಬರಿಬೇಕಾದ ಪರೀಕ್ಷೆ. ಫೀ 200 ಡಾಲರ್, 5 ತಾಸು, 85ರಿಂದ 150 ಪ್ರಶ್ನೆ. ಇನ್ನೂ ಊರಾಗೇ ಇದ್ರ ಹೈದರಾಬಾದಿನ್ಯಾಗ ಸೆಂಟರ್ ಅದ, ಆದ್ರ ಅಮೆರಿಕದ ಹೊರಗ ಪರೀಕ್ಷೆ ಬರದ್ರ ಇನ್ನೊಂದ್ 150 ಡಾಲರ್ ಕಟ್ಬೇಕಾಗ್ತದ ನೋಡ್ರಿ.