ಗ್ಲೈಕಾಲ್ ಚಿಲ್ಲರಿನಲ್ಲಿ ಮಂಜುಗಡ್ಡೆ ಕಟ್ಟಿದಾಗ: ಕಾರಣ ಹುಡುಕುವ ಕ್ರಮ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ತೋಟದಲ್ಲಿ ಕಾಫಿ ಹಣ್ಣನ್ನು ಮುಚ್ಚಿದ ಸ್ಟೀಲ್ ಡ್ರಮ್ಮಿನಲ್ಲಿ, 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಯಲ್ಲಿ ನಿಧಾನವಾಗಿ ಹುದುಗಿಸಲು ಒಂದು ಸಣ್ಣ ಗ್ಲೈಕಾಲ್ ಚಿಲ್ಲರನ್ನು, ಅಂದರೆ ತಣ್ಣನೆಯ ದ್ರವವನ್ನು ಕೊಳವೆಯಲ್ಲಿ ಹರಿಸಿ ತಂಪುಗೊಳಿಸುವ ಯಂತ್ರವನ್ನು, ಬಳಸುತ್ತೇವೆ. ಇದು ಮೂಲತಃ ಹೊರದೇಶಗಳಲ್ಲಿ ಮನೆಮಟ್ಟಿಗೆ ಬಿಯರ್ ತಯಾರಿಸುವ ಹವ್ಯಾಸಿಗಳಿಗಾಗಿ ರೂಪುಗೊಂಡ ಯಂತ್ರ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧವಾದರೂ, ಹುದುಗುವ ಯಾವುದೇ ಪದಾರ್ಥವನ್ನು ತಂಪಾಗಿಡುವ ಕೆಲಸಕ್ಕೆ ಈ ಯಂತ್ರ ಚೆನ್ನಾಗಿ ಒದಗುತ್ತದೆ. ಅದು ಕೈಕೊಡುವ ರೀತಿಯೂ ಬಿಯರ್ ಇರಲಿ, ಕಾಫಿ ಇರಲಿ, ಒಂದೇ.

ಕಳೆದ ಕೊಯ್ಲಿನ ಮೊದಲ ಲಾಟಿನಲ್ಲಿಯೇ ನಮಗೆ ಅದರ ಅನುಭವವಾಯಿತು. ಡಿಸೆಂಬರ್ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ನೋಡಿದಾಗ ಡ್ರಮ್ಮಿನ ಉಷ್ಣತೆ 24 ಡಿಗ್ರಿಗೆ ಏರಿತ್ತು. ಕಂಪ್ರೆಸರ್ ಸಂಜೆಯಿಂದ ಒಂದು ನಿಮಿಷವೂ ನಿಲ್ಲದೆ ಓಡುತ್ತಿತ್ತು. ಚಿಲ್ಲರಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ, ತಾಮ್ರದ ಸುರುಳಿಯ ಸುತ್ತುಗಳ ನಡುವಿನ ಸಂದುಗಳೆಲ್ಲ ಮುಚ್ಚಿಹೋಗಿ, ಇಡೀ ಸುರುಳಿ ಒಂದು ಬಿಳಿಯ ಕೊಡದಂತೆ ಕಾಣುತ್ತಿತ್ತು. ಇಷ್ಟೊಂದು ಮಂಜುಗಡ್ಡೆ ಇದ್ದೂ ಡ್ರಮ್ ತಂಪಾಗಲಿಲ್ಲವೇಕೆ ಎಂದು ಅಂದು ನಾನು ಕಂಗಾಲಾಗಿದ್ದೆ. ಡ್ರಮ್ ತಂಪಾಗದಿದ್ದುದೇ ಆ ಮಂಜುಗಡ್ಡೆಯಿಂದ ಎಂಬುದು ಅರ್ಥವಾಗಲು ಎರಡು ದಿನ ಹಿಡಿಯಿತು.

ಯಂತ್ರದ ರಚನೆ ಸರಳವಾಗಿದೆ. ಕಂಪ್ರೆಸರಿಗೆ ಸೇರಿದ ತಾಮ್ರದ ಸುರುಳಿಯೊಂದು ನೀರು ಮತ್ತು ಪ್ರೊಪಿಲೀನ್ ಗ್ಲೈಕಾಲ್ (ನೀರು ಬೇಗ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಬೆರೆಸಿದ ದ್ರವದ ತೊಟ್ಟಿಯಲ್ಲಿ ಮುಳುಗಿರುತ್ತದೆ. ಆ ದ್ರವವನ್ನು ಪಂಪ್ ಡ್ರಮ್ಮಿನೊಳಗಿನ ಕೊಳವೆಗೆ ಕಳುಹಿಸಿ ಹಿಂದಕ್ಕೆ ತರುತ್ತದೆ. ಸುರುಳಿಯ ಮೈ ಯಾವಾಗಲೂ ತೊಟ್ಟಿಯ ದ್ರವಕ್ಕಿಂತ ಐದರಿಂದ ಎಂಟು ಡಿಗ್ರಿಯಷ್ಟು ಹೆಚ್ಚು ತಣ್ಣಗಿರುತ್ತದೆ ಎಂಬ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ತೊಟ್ಟಿಯ ಥರ್ಮಾಮೀಟರ್ ಮೈನಸ್ 4 ತೋರಿಸುತ್ತಿದ್ದರೆ ಸುರುಳಿಯ ಮೈ ಮೈನಸ್ 10ಕ್ಕೂ ಕೆಳಗಿರಬಹುದು. ದ್ರವ ಹೆಪ್ಪುಗಟ್ಟಲು ಆರಂಭಿಸುವುದು ಅಲ್ಲಿಯೇ. ಶಾಖವನ್ನು ಸಾಗಿಸುವ ಶಕ್ತಿಯಲ್ಲಿ ಮಂಜುಗಡ್ಡೆ ತಾಮ್ರಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಹಿಂದೆ. ಹಾಗಾಗಿ ಸುರುಳಿಗೆ ಬೆರಳು ದಪ್ಪದ ಪದರ ಕಟ್ಟಿತೆಂದರೆ ಅದಕ್ಕೆ ಕಂಬಳಿ ಹೊದಿಸಿದಂತೆಯೇ ಸರಿ: ಒಳಗಿನ ತಂಪು ಹೊರಬರುವುದಿಲ್ಲ, ಸುರುಳಿ ಇನ್ನಷ್ಟು ತಣ್ಣಗಾಗುತ್ತದೆ, ಪದರ ಇನ್ನಷ್ಟು ದಪ್ಪವಾಗುತ್ತದೆ.

ಮೊದಲು ಕಂಪ್ರೆಸರಿನ ವಿದ್ಯುತ್ತನ್ನು ನಿಲ್ಲಿಸಿ, ಪಂಪನ್ನು ಮಾತ್ರ ಓಡಲು ಬಿಡಬೇಕು. ಚಾಕು, ಸ್ಕ್ರೂಡ್ರೈವರ್, ಕತ್ತಿಯ ತುದಿ ಇವುಗಳಿಂದ ಮಂಜುಗಡ್ಡೆಯನ್ನು ಕುಟ್ಟಿ ತೆಗೆಯಲು ಎಂದೂ ಹೋಗಬಾರದು. ತಾಮ್ರದ ಕೊಳವೆಗೆ ಸೂಜಿಮೊನೆಯಷ್ಟು ತೂತಾದರೂ ಅದರೊಳಗಿನ ತಂಪುಗೊಳಿಸುವ ಗ್ಯಾಸ್ ಹೋಗಿ ರಿಪೇರಿಗೆ ದೊಡ್ಡ ಮೊತ್ತ ತೆರಬೇಕಾಗುತ್ತದೆ. ತೊಟ್ಟಿಗೆ ಬಿಸಿನೀರು ಸುರಿಯುವುದೂ ತಪ್ಪು, ಏಕೆಂದರೆ ಅದರಿಂದ ಗ್ಲೈಕಾಲ್ ಮತ್ತಷ್ಟು ತೆಳುವಾಗುತ್ತದೆ. ಉಗುರುಬೆಚ್ಚಗಿನ ನೀರನ್ನು ಬಾಟಲಿಗಳಲ್ಲಿ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ ತೊಟ್ಟಿಯಲ್ಲಿ ಇಳಿಬಿಟ್ಟು, ಆಗಾಗ ಬದಲಿಸುತ್ತಿದ್ದರೆ ಕೆಲವು ಗಂಟೆಗಳಲ್ಲಿ ಎಲ್ಲವೂ ಕರಗುತ್ತದೆ. ಅಷ್ಟರವರೆಗೆ ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಿನಲ್ಲಿ ಗಾಳಿಯಾಡುವಂತೆ ಇಟ್ಟು, ಚೀಲ ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ಲಾಟು ಉಳಿಯುತ್ತದೆ. ಚಳಿಗಾಲದ ಒಣಹವೆಯಲ್ಲಿ ಈ ಉಪಾಯ ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಪೂರ್ತಿ ಕರಗಿದ ಮೇಲೆಯೇ ಗ್ಲೈಕಾಲ್ ಪ್ರಮಾಣವನ್ನು ಅಳೆಯಬೇಕು. ಮಂಜುಗಡ್ಡೆಯಾಗುವುದು ಮುಖ್ಯವಾಗಿ ನೀರು; ಗ್ಲೈಕಾಲ್ ಉಳಿದ ದ್ರವದಲ್ಲಿಯೇ ಉಳಿದು ಅಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಂಜುಗಡ್ಡೆ ಇರುವಾಗಲೇ ತೆಗೆದ ಮಾದರಿಯನ್ನು ಅಳೆದರೆ ಪ್ರಮಾಣ ಸರಿಯಾಗಿಯೇ ಇದೆ ಎಂಬ ಸುಳ್ಳು ಉತ್ತರ ಸಿಗುತ್ತದೆ, ಮೊದಲ ದಿನ ನಾನು ಮೋಸಹೋದದ್ದು ಹೀಗೆಯೇ. ಅಳೆಯಲು ವಾಹನಗಳ ಕೂಲಂಟ್ ನೋಡುವ ರಿಫ್ರಾಕ್ಟೋಮೀಟರ್ (ದ್ರವದಲ್ಲಿ ಬೆಳಕು ಬಾಗುವುದನ್ನು ನೋಡಿ ಪ್ರಮಾಣ ತಿಳಿಸುವ ಉಪಕರಣ) ಸಾಕು, ಆದರೆ ಅದರಲ್ಲಿ ಎಥಿಲೀನ್ ಮತ್ತು ಪ್ರೊಪಿಲೀನ್ ಎಂಬ ಎರಡು ಅಳತೆಪಟ್ಟಿಗಳಿರುತ್ತವೆ; ಪ್ರೊಪಿಲೀನ್ ಪಟ್ಟಿಯನ್ನೇ ಓದಬೇಕು. ಉಪಕರಣವಿಲ್ಲದವರು ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ದ್ರವವನ್ನು ಹಾಕಿ, ಗುರುತಿನ ಚೀಟಿ ಅಂಟಿಸಿ, ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ರಾತ್ರಿ ಇಡಬಹುದು. ಫ್ರೀಜರ್ ಮೈನಸ್ 18ರ ಸುಮಾರಿಗೆ ಇದ್ದರೆ, 20 ಪ್ರತಿಶತದ ದ್ರವ ಬೆಳಿಗ್ಗೆ ಚಮಚ ಇಳಿಯದಷ್ಟು ಬಿಗಿಯಾಗಿರುತ್ತದೆ, 30 ಪ್ರತಿಶತದ್ದು ಚಮಚಕ್ಕೆ ಸಿಗುವ ಮೆದು ಮಂಜಿನಂತಿರುತ್ತದೆ, 40 ಪ್ರತಿಶತದ್ದು ದ್ರವವಾಗಿಯೇ ಉಳಿಯುತ್ತದೆ.

ಪ್ರೊಪಿಲೀನ್ ಗ್ಲೈಕಾಲ್ ಗಾತ್ರದ ಲೆಕ್ಕದಲ್ಲಿ 20 ಪ್ರತಿಶತ ಇದ್ದರೆ ದ್ರವ ಸುಮಾರು ಮೈನಸ್ 7ರಲ್ಲಿ, 30 ಇದ್ದರೆ ಮೈನಸ್ 13ರಲ್ಲಿ, 40 ಇದ್ದರೆ ಮೈನಸ್ 21ರಲ್ಲಿ ಹೆಪ್ಪುಗಟ್ಟಲು ಆರಂಭಿಸುತ್ತದೆ. ನಮಗೆ ಯಂತ್ರ ಮಾರಿದವರು ನಾಲ್ಕು ಪಾಲು ನೀರಿಗೆ ಒಂದು ಪಾಲು ಗ್ಲೈಕಾಲ್ ಸಾಕೆಂದಿದ್ದರು, ಅಂದರೆ 20 ಪ್ರತಿಶತ. ಮೈನಸ್ 4ಕ್ಕೆ ಇಟ್ಟ ತೊಟ್ಟಿಯಲ್ಲಿ, ಮೈನಸ್ 10ರ ಸುರುಳಿಗೆ ಅದು ಏನೇನೂ ಸಾಲದು. 30ರಿಂದ 35 ಪ್ರತಿಶತ ಇಟ್ಟುಕೊಳ್ಳುವುದು ಉತ್ತಮ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು 50ಕ್ಕೆ ಏರಿಸಿದರೆ ದ್ರವ ತಣ್ಣಗಾದಾಗ ಮಂದವಾಗಿ ಸಣ್ಣ ಪಂಪ್ ತಿಣುಕುತ್ತದೆ, ಶಾಖ ಹೊರುವ ಶಕ್ತಿಯೂ ಕುಗ್ಗುತ್ತದೆ. 20ಕ್ಕಿಂತ ಕೆಳಗಿಳಿದರೆ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟುತ್ತದೆ.

ಪ್ರಮಾಣ ಏರಿಸಲು ಎಷ್ಟು ದ್ರವ ತೆಗೆದು ಎಷ್ಟು ಗ್ಲೈಕಾಲ್ ಹಾಕಬೇಕೆಂಬುದಕ್ಕೆ ಲೆಕ್ಕವಿದೆ. ಬೇಕಾದ ಪ್ರತಿಶತದಿಂದ ಈಗಿನ ಪ್ರತಿಶತವನ್ನು ಕಳೆದು, ಬಂದದ್ದನ್ನು ನೂರರಿಂದ ಈಗಿನ ಪ್ರತಿಶತ ಕಳೆದಾಗ ಸಿಗುವ ಸಂಖ್ಯೆಯಿಂದ ಭಾಗಿಸಿ, ತೊಟ್ಟಿಯ ಲೀಟರುಗಳಿಂದ ಗುಣಿಸಬೇಕು. ನಮ್ಮ ತೊಟ್ಟಿ 20 ಲೀಟರಿನದು. 20ರಿಂದ 35 ಪ್ರತಿಶತಕ್ಕೆ ಏರಿಸಲು 15ನ್ನು 80ರಿಂದ ಭಾಗಿಸಿ 20ರಿಂದ ಗುಣಿಸಿದಾಗ 3.75 ಬಂತು. ಅಷ್ಟು ಲೀಟರ್ ಹಳೆಯ ದ್ರವವನ್ನು ಹೊರತೆಗೆದು ಅಷ್ಟೇ ಶುದ್ಧ ಗ್ಲೈಕಾಲ್ ಸುರಿದೆವು. ತೆಗೆದ ದ್ರವವನ್ನು ಚೆಲ್ಲದೆ ಕ್ಯಾನಿನಲ್ಲಿ ಇಟ್ಟರೆ ಮುಂದೆ ಮಟ್ಟ ತುಂಬಿಸಲು ಬರುತ್ತದೆ. ನೀರಿಗೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸೂಕ್ತ.

ಗ್ಲೈಕಾಲ್ ಕೊಳ್ಳುವಾಗಿನ ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇದು ಪ್ರಾಣದ ಪ್ರಶ್ನೆ. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಅದು ವಿಷ. ಬ್ರೆಜಿಲ್ ದೇಶದ ಮಿನಾಸ್ ಜೆರೈಸ್ ರಾಜ್ಯದಲ್ಲಿ, ಬಿಯರಿಗೆ ಅದೇ ಬಗೆಯ ಇನ್ನೊಂದು ವಿಷವಾದ ಡೈಎಥಿಲೀನ್ ಗ್ಲೈಕಾಲ್ ಸೇರಿ ಜನ ಮೃತಪಟ್ಟ ಪ್ರಕರಣ 2020ರ ಜನವರಿಯಲ್ಲಿ ಬೆಳಕಿಗೆ ಬಂತು. ಅದು ತಂಪುಗೊಳಿಸಲು ಬಳಸುವ ದ್ರವವೇ ಆಗಿತ್ತು. ಡ್ರಮ್ಮಿನೊಳಗಿನ ಕೊಳವೆ ಇಂದಲ್ಲ ನಾಳೆ ಸೋರಬಹುದು ಎಂದುಕೊಂಡೇ, ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲನ್ನು, ಪರೀಕ್ಷಾ ಪ್ರಮಾಣಪತ್ರ ಕೊಡುವ ಅಂಗಡಿಯಿಂದ, ಸೀಲ್ ಮಾಡಿದ ಡಬ್ಬಿಯಲ್ಲಿ ಮಾತ್ರ ಕೊಳ್ಳಬೇಕು.

ಇನ್ನು ತೊಟ್ಟಿಯ ಉಷ್ಣತೆ. ತೊಟ್ಟಿಯನ್ನು ಎಷ್ಟು ತಣ್ಣಗೆ ಇಟ್ಟರೆ ಅಷ್ಟು ಬೇಗ ಡ್ರಮ್ ತಂಪಾಗುತ್ತದೆ ಎಂಬ ಭಾವನೆ ಬಲವಾಗಿರುತ್ತದೆ, ಮತ್ತು ನನ್ನ ಮಟ್ಟಿಗೆ ಎಲ್ಲ ತೊಂದರೆಗೂ ಮೂಲ ಇದೇ. ಹುದುಗುವ ಪದಾರ್ಥಕ್ಕೆ ಬೇಕಾದ ಉಷ್ಣತೆಗಿಂತ ತೊಟ್ಟಿ ಹತ್ತು ಡಿಗ್ರಿ ಕೆಳಗಿದ್ದರೆ ಸಾಕು. ಬಿಯರ್ ಮಾಡುವವರು ಕೊನೆಯ ಹಂತದಲ್ಲಿ ಅದನ್ನು 1 ಅಥವಾ 2 ಡಿಗ್ರಿಗೆ ಇಳಿಸುವ ಕಾರಣ ಅವರಿಗೆ ಮೈನಸ್ 3, ಮೈನಸ್ 4 ಬೇಕಾಗುತ್ತದೆ. ಯಂತ್ರದ ಜೊತೆಗೆ ಬರುವ ಸೂಚನೆಗಳೂ ಆ ಲೆಕ್ಕದವು. 18 ಡಿಗ್ರಿಯ ಕಾಫಿಗೆ ತೊಟ್ಟಿ 8 ಡಿಗ್ರಿಯಲ್ಲಿದ್ದರೂ ಸರಿಯೇ, ಮತ್ತು ಆಗ ಸುರುಳಿಯ ಮೈ ಸೊನ್ನೆಗಿಂತ ಕೆಳಗೆ ಹೋಗುವುದೇ ಅಪರೂಪ. ಎಸ್‌ಟಿಸಿ-1000 ಮಾದರಿಯ ಕಂಟ್ರೋಲರ್ (ಉಷ್ಣತೆ ನೋಡಿ ಕಂಪ್ರೆಸರನ್ನು ಓಡಿಸಿ ನಿಲ್ಲಿಸುವ ಉಪಕರಣ) ಇದ್ದವರು ಅದರ ಎಫ್1 ಎಂಬ ಸೆಟ್ಟಿಂಗಿನಲ್ಲಿ ತೊಟ್ಟಿಯ ಈ ಉಷ್ಣತೆಯನ್ನೂ, ಎಫ್2ರಲ್ಲಿ 2 ಡಿಗ್ರಿ ಅಂತರವನ್ನೂ, ಎಫ್3ರಲ್ಲಿ ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲು 5 ನಿಮಿಷದ ವಿರಾಮವನ್ನೂ ಇಡಬಹುದು.

ಪ್ರಮಾಣವೂ ಉಷ್ಣತೆಯೂ ಸರಿಯಿದ್ದು ಮತ್ತೆ ಮಂಜುಗಡ್ಡೆ ಕಟ್ಟಿದರೆ, ದ್ರವ ಅಲುಗಾಡುತ್ತಿದೆಯೇ ಎಂದು ನೋಡಬೇಕು. ಹಲವು ಸಣ್ಣ ಯಂತ್ರಗಳಲ್ಲಿ ಒಂದೇ ಪಂಪ್ ಇರುತ್ತದೆ. ಡ್ರಮ್ಮಿಗೆ ತಂಪು ಬೇಡವಾದಾಗ ಅದು ನಿಲ್ಲುತ್ತದೆ. ಕಂಪ್ರೆಸರ್ ಮಾತ್ರ ನಿಂತ ದ್ರವವನ್ನು ತಣ್ಣಗಾಗಿಸುತ್ತಲೇ ಇರುತ್ತದೆ. ಸುರುಳಿಯ ಪಕ್ಕದ ದ್ರವ ಹೆಪ್ಪುಗಟ್ಟುತ್ತದೆ, ಮೂಲೆಯಲ್ಲಿರುವ, ಉಷ್ಣತೆ ಅಳೆಯುವ ಕಂಟ್ರೋಲರಿನ ಪ್ರೋಬಿಗೆ ಅದು ತಿಳಿಯುವುದಿಲ್ಲ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪೊಂದನ್ನು ತಳದಲ್ಲಿಟ್ಟು, ಅದರ ಬಾಯಿ ಸುರುಳಿಯ ಕಡೆಗಿರುವಂತೆ ತಿರುಗಿಸಿ, ಹಗಲು ರಾತ್ರಿ ಓಡಿಸಿದರೆ ಈ ದೋಷ ಹೋಗುತ್ತದೆ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಮಾಮೂಲು. ನಮ್ಮ ಭಾವನವರ ಮನೆಯಲ್ಲಿ ಹಾಗೆ ಕರೆಂಟ್ ಬಂದಾಗ ಕಂಪ್ರೆಸರ್ ಶುರುವಾಗಿ, ಪಂಪ್ ಗಾಳಿ ಹಿಡಿದು ಸುಮ್ಮನೆ ಗುಂಯ್ ಎನ್ನುತ್ತಿತ್ತು. ಹೊರಗೆ ನಿಂತು ಕೇಳಿದವರಿಗೆ ಎಲ್ಲವೂ ಓಡುತ್ತಿರುವಂತೆಯೇ ಅನಿಸುವುದರಿಂದ, ವಾಪಸು ಕೊಳವೆಯ ತುದಿಯನ್ನು ದ್ರವದ ಮಟ್ಟಕ್ಕಿಂತ ಸ್ವಲ್ಪ ಮೇಲಿಟ್ಟು, ಧಾರೆ ಬೀಳುವುದು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಬೇಕು. ಮಟ್ಟ ಇಳಿದು ಸುರುಳಿಯ ಮೇಲಿನ ಸುತ್ತುಗಳು ಗಾಳಿಗೆ ತೆರೆದುಕೊಂಡರೂ ಅಲ್ಲಿ ಹಿಮ ಕಟ್ಟುತ್ತದೆ. ಮಳೆಗಾಲದ ತೇವದಲ್ಲಿ ಮುಚ್ಚಳ ಸಡಿಲವಿದ್ದರೆ ಗಾಳಿಯ ನೀರಿನ ಅಂಶ ತೊಟ್ಟಿಗಿಳಿದು ಗ್ಲೈಕಾಲ್ ತೆಳುವಾಗುತ್ತದೆ. ಆದ್ದರಿಂದ ಕೊಯ್ಲಿಗೆ ಮೊದಲು ಪ್ರಮಾಣವನ್ನು ಮತ್ತೊಮ್ಮೆ ಅಳೆಯಬೇಕು.

ಕಂಪ್ರೆಸರ್ ನಿಲ್ಲುವುದೇ ಇಲ್ಲವೆಂದಾದರೆ ಪ್ರೋಬನ್ನು ಅನುಮಾನಿಸಬೇಕು. ಅದು ದ್ರವದಿಂದ ಮೇಲೆ ಬಂದು ಮುಚ್ಚಳಕ್ಕೆ ಸಿಕ್ಕಿಕೊಂಡಿದ್ದರೆ ಗಾಳಿಯ ಉಷ್ಣತೆಯನ್ನೇ ಅಳೆಯುತ್ತಿರುತ್ತದೆ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿದ ಲೋಟದಲ್ಲಿ ಅದನ್ನು ಐದು ನಿಮಿಷ ಅದ್ದಿದರೆ ಸೊನ್ನೆ ತೋರಿಸಬೇಕು. ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೆ ಎಫ್4ರಲ್ಲಿ ಸರಿಪಡಿಸಬಹುದು. ಬಳಿಕ ಎಫ್1ನ್ನು 30ಕ್ಕೆ ಏರಿಸಿ ಕಿವಿಗೊಡಬೇಕು. ಆಗಲೂ ಕಂಪ್ರೆಸರ್ ಓಡುತ್ತಿದ್ದರೆ ಕಂಟ್ರೋಲರಿನೊಳಗಿನ ರಿಲೇ (ಕಂಪ್ರೆಸರಿಗೆ ವಿದ್ಯುತ್ ಕೊಟ್ಟು ನಿಲ್ಲಿಸುವ ಸ್ವಿಚ್) ಅಂಟಿಕೊಂಡಿದೆ ಎಂದರ್ಥ. ಪ್ಲಗ್ ಕಿತ್ತು, ಕಂಟ್ರೋಲರನ್ನೇ ಬದಲಿಸಬೇಕು.

ಇಷ್ಟೆಲ್ಲ ನೋಡಿಯೂ, ಸುರುಳಿಯ ಆರಂಭದ ಒಂದೆರಡು ಸುತ್ತುಗಳಿಗೆ ಮಾತ್ರ ಹಿಮ ಕಟ್ಟಿ ಉಳಿದ ಭಾಗ ಬೆಚ್ಚಗಿದ್ದರೆ, ಮತ್ತು ಹಿಂಬದಿಯ ಫ್ಯಾನಿನಿಂದ ಬಿಸಿಗಾಳಿ ಬರುತ್ತಿಲ್ಲವಾದರೆ, ಗ್ಯಾಸ್ ಸೋರಿರುವ ಸಂಭವ ಹೆಚ್ಚು. ಅದು ನಮ್ಮ ಕೈಯ ಕೆಲಸವಲ್ಲ. ಯಂತ್ರದ ಹಿಂದಿನ ಚೀಟಿಯಲ್ಲಿ ಆರ್290 ಅಥವಾ ಆರ್600ಎ ಎಂದಿದ್ದರೆ ಅದು ಬೆಂಕಿ ಹತ್ತುವ ಗ್ಯಾಸ್. ಯಂತ್ರವನ್ನು ಗಾಳಿಯಾಡುವ ಜಗಲಿಗೆ ತಂದಿಟ್ಟು, ಫ್ರಿಜ್ ಮೆಕ್ಯಾನಿಕ್ ಬಂದೊಡನೆ ಮೊದಲು ಆ ಚೀಟಿಯನ್ನು ತೋರಿಸಬೇಕು.