ನನ್ನ ಜಿಪ್ಸಿ, ಎರಡು ಸೀಟು, ಒಂದು ಎಫ್‌ಸಿ

2022ರ ಮಳೆಗಾಲಕ್ಕೆ ನನ್ನ ಮಾರುತಿ ಜಿಪ್ಸಿ ಜೀಪಿಗೆ ಹದಿನೈದು ತುಂಬಿತು. ಮಕ್ಕಳಿಗೆ ಆ ವಯಸ್ಸಿಗೆ ಎಸ್ಸೆಸ್ಸೆಲ್ಸಿ. ಗಾಡಿಗೂ ಹಾಗೇ ಒಂದು ಪರೀಕ್ಷೆ. ಆರ್‌ಸಿ, ಅಂದರೆ ನೋಂದಣಿ ಪತ್ರದ ಅವಧಿ ಮುಗಿಯುತ್ತದೆ, ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೇ ಅನ್ನುವ ಆರ್‌ಟಿಒ ತಪಾಸಣೆ ಮಾಡಿಸಿ ಇನ್ನೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ಅದೇ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಅದನ್ನು ಹೇಗೋ ಹೊಂದಿಸಬಹುದು. ನನ್ನ ತಲೆಬಿಸಿ ಬೇರೆ ಇತ್ತು. ಆರ್‌ಸಿಯಲ್ಲಿರುವ ಗಾಡಿಗೂ ಮನೆ ಮುಂದೆ ನಿಂತಿರುವ ಗಾಡಿಗೂ ಅಷ್ಟಾಗಿ ಹೋಲಿಕೆ ಉಳಿದಿರಲಿಲ್ಲ.

ಜಿಪ್ಸಿ ಇಟ್ಟುಕೊಂಡವರಿಗೆ ಇದು ಅರ್ಥವಾಗುತ್ತದೆ. 1,298 ಸಿಸಿ ಇಂಜಿನ್, ಒಂದು ಟನ್‌ಗಿಂತ ಕಡಿಮೆ ತೂಕ, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು. ಸಕಲೇಶಪುರದ ಕೆಸರಲ್ಲಿ ಮೇಕೆಮರಿ ತರಹ ಹತ್ತುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಮಾತ್ರ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಗುತ್ತದೆ. ಹಿಂದೆ ಎದುರುಬದುರು ಬೆಂಚು, ಬೆಲ್ಟ್ ಇಲ್ಲ. ಹಾಗಾಗಿ ಹತ್ತು ವರ್ಷದಲ್ಲಿ ಒಂದೊಂದೇ ಕೆಲಸ ಮಾಡಿಸಿದ್ದೆ. ಜೆ.ಸಿ. ರೋಡಿನಲ್ಲಿ ಕಬ್ಬಿಣದ ದಪ್ಪ ಬಂಪರ್. ದೊಡ್ಡ ಟೈರು. ಬೇರೆ ಕಾರಿನಿಂದ ಬಿಚ್ಚಿದ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಕೊನೆಗೆ, ಮಗಳು ಹುಟ್ಟಿದ ಮೇಲೆ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದ ಎರಡು ಸೀಟು. ಬೆಂಚು ತೆಗೆಸಿ ಅವನ್ನು ಮುಂದಕ್ಕೆ ಮುಖ ಮಾಡಿ ಕೂರಿಸಿ, ಮೂರು ಕಡೆ ಬಿಗಿಯುವ ಬೆಲ್ಟ್ ಹಾಕಿಸಿದೆ.

ಇದೆಲ್ಲ ತಪ್ಪು ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೇರವಾಗಿಯೇ ಇದೆ. ತಯಾರಿಸಿದವರು ಹೇಳಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಕೇಸಿನಲ್ಲಿ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ನನ್ನ ಗಾಡಿಯ ಲೆಕ್ಕ ಹಾಕಿ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಸರಿಯಾದ ದಾರಿಯಲ್ಲಿ ಮಾಡಿಸಿದ ಬದಲಾವಣೆ ಒಂದೇ ಒಂದು. ಬಣ್ಣ. ನನಗೆ ಬೇಕಿದ್ದದ್ದು ಮಿಲಿಟರಿ ಹಸಿರು. ಜಿಪ್ಸಿ ಅಂದಮೇಲೆ ಅದೇ ಅಲ್ವಾ? ಆದರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಆಲಿವ್ ಹಸಿರನ್ನು ರಕ್ಷಣಾ ಇಲಾಖೆಯ ಗಾಡಿಗಳು ಬಿಟ್ಟು ಬೇರೆ ಯಾರೂ ಬಳಿಯುವಂತಿಲ್ಲ. ಬೂದು ಬಣ್ಣಕ್ಕೆ ಒಪ್ಪಿಕೊಂಡೆ. ಮೊದಲು ಅರ್ಜಿ ಕೊಟ್ಟು ಅನುಮತಿ ತೆಗೆದುಕೊಂಡೆ, ಆಮೇಲೆ ಬಣ್ಣ ಹೊಡೆಸಿದೆ, 14 ದಿನದೊಳಗೆ ಗಾಡಿ ತೋರಿಸಿ ಆರ್‌ಸಿಯಲ್ಲಿ ಬರೆಸಿದೆ. ಓಡಾಟ ಇತ್ತು, ಆದರೆ ಕೆಲಸ ಆಯಿತು. ಹೀಗೆ ಮಾಡಿಸುವವರಿಗೆ ಒಂದು ಮಾತು. ಪೇಂಟರ್‌ಗೆ ಚಾಸಿ ನಂಬರಿನ ಮೇಲೆ ಟೇಪ್ ಅಂಟಿಸಲು ಮರೆಯದೆ ಹೇಳಿ. ನಮ್ಮವನು ಅದರ ಮೇಲೂ ಎರಡು ಕೋಟ್ ಹೊಡೆದಿದ್ದ. ಆರ್‌ಟಿಒಗೆ ಕೊಡಲು ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಯೇ ಮೂಡಲಿಲ್ಲ. ಆರ್‌ಟಿಒ ಹೊರಗೆ ಫುಟ್‌ಪಾತ್ ಮೇಲೆ ಕೂತು ಥಿನ್ನರ್ ಹಾಕಿ ಕೆರೆದಿದ್ದೇನೆ.

ಎಫ್‌ಸಿ ಹತ್ತಿರ ಬಂದಾಗ ಗೊತ್ತಿದ್ದ ಏಜೆಂಟ್ ಸುಲಭದ ಉಪಾಯ ಹೇಳಿದ. "ಸಾರ್, ಒಂದಿನದ ಮಟ್ಟಿಗೆ ಎಲ್ಲಾ ಬಿಚ್ಚಾಕಿ. ಮಾರನೇ ದಿನ ಹಾಕ್ಕೊಳ್ಳಿ." ಜಿಪ್ಸಿ ಗೆಳೆಯರೂ ಅದನ್ನೇ ಹೇಳಿದರು. ನಮ್ಮ ಬಳಗದಲ್ಲಿ ಕಂಪನಿ ಚಕ್ರಗಳ ಒಂದೇ ಒಂದು ಸೆಟ್ ಇದೆ. ಹಳ್ಳಿಯ ಎಲ್ಲ ಮದುವೆಗೂ ಒಂದೇ ಕೊಪ್ಪರಿಗೆ ಓಡಾಡುವ ಹಾಗೆ, ಅದು ಎಲ್ಲರ ಎಫ್‌ಸಿಗೂ ಓಡಾಡುತ್ತದೆ. ನಾನೂ ತಂದು ಹಾಕಿಸಿಕೊಂಡೆ. ಬಂಪರನ್ನೂ ಬಿಚ್ಚಿಸಿದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್ ಅನ್ನುವ ಇಂಥ ಕಬ್ಬಿಣದ ಬಂಪರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಅಷ್ಟು ದಪ್ಪ ಕಬ್ಬಿಣ ನಡೆದುಹೋಗುವವರ ಕಾಲಿಗೆ ತಾಗಿದರೆ ಏನಾಗುತ್ತದೆ ಅಂತ ಯೋಚಿಸಿದರೆ ಕಾನೂನು ಸರಿಯಾಗಿಯೇ ಇದೆ. ನಾನು ಅದನ್ನು ಹಾಕಿಸಿದ್ದು ಸುಮ್ನೆ ಶೋಕಿಗೆ.

ಸೀಟುಗಳನ್ನು ಮಾತ್ರ ಬಿಚ್ಚಲಿಲ್ಲ. ಕೇಳಿದರೆ ವಿವರಿಸೋಣ, ಬರೆಸಿಕೊಳ್ಳಲು ಆಗುತ್ತದೇನೋ ನೋಡೋಣ ಅಂತ ಹಾಗೇ ಹೋದೆ.

ಬ್ರೇಕ್ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ಲೈಟು, ಹಾರ್ನು, ಇಂಡಿಕೇಟರ್ ನೋಡಿದರು, ಬ್ರೇಕ್ ತುಳಿಸಿದರು. ಪವರ್ ಸ್ಟೇರಿಂಗ್ ಅವರ ಕಣ್ಣಿಗೇ ಬೀಳಲಿಲ್ಲ. ತಮಾಷೆ ನೋಡಿ, ನಾನು ಮಾಡಿಸಿದ್ದರಲ್ಲಿ ನಿಜಕ್ಕೂ ಪರೀಕ್ಷೆ ಆಗಬೇಕಿದ್ದದ್ದು ಅದೇ. ಡ್ಯಾಶ್‌ಬೋರ್ಡ್ ಕೆಳಗೆ ಕೂತಿದೆ, ಆರ್‌ಸಿಯಲ್ಲಿ ಅದರ ಸುದ್ದಿಯೇ ಇಲ್ಲ, ಪಾಸು. ಹಿಂದಿನ ಬಾಗಿಲು ತೆಗೆದವರು ಸೀಟು ನೋಡಿ ಬೆಲ್ಟನ್ನು ಎರಡು ಸಲ ಎಳೆದರು.

"ಚೆನ್ನಾಗಿ ಮಾಡಿಸಿದೀರ. ಆದ್ರೆ ಇಲ್ಲಿ ಬರೆದಿರೋ ಸೀಟಿನ ಲೆಕ್ಕಕ್ಕೆ ಬರಲ್ಲ. ಹಳೇದನ್ನ ಹಾಕ್ಕೊಂಡು ಬನ್ನಿ."

"ಸಾರ್, ಇದರಲ್ಲಿ ಬೆಲ್ಟ್ ಇದೆ. ಹಳೇದ್ರಲ್ಲಿ ಇಲ್ಲ."

"ಗೊತ್ತು ಸಾರ್. ವೆಲ್ಡಿಂಗ್ ಯಾರು ಮಾಡಿದ್ದು? ಎಷ್ಟು ತಡೆಯುತ್ತೆ ಅಂತ ನಾನು ಹೇಗೆ ಬರೆಯಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ವೆಲ್ಡರ್ ಹಾಕಿದ ಬ್ರಾಕೆಟ್ ಜೋರಾಗಿ ಗುದ್ದಿದಾಗ ನಿಲ್ಲುತ್ತದೋ ಕಿತ್ತು ಬರುತ್ತದೋ ನನಗೂ ಗೊತ್ತಿಲ್ಲ. ನನ್ನ ತಕರಾರು ಅದೇ. ಅದನ್ನು ಪರೀಕ್ಷೆ ಮಾಡಿ, ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು ಅಂತ ಬರೆದುಕೊಡುವ ಜಾಗ ನನ್ನಂಥವನಿಗೆ ಎಲ್ಲಿದೆ? ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಥರದ ವಾಹನ ಪರೀಕ್ಷಾ ಸಂಸ್ಥೆಗಳು ಇವೆ. ಗ್ಯಾಸ್ ಕಿಟ್‌ಗೆ, ಹಳೇ ಗಾಡಿಯನ್ನು ಎಲೆಕ್ಟ್ರಿಕ್ ಮಾಡುವ ಕಿಟ್‌ಗೆ ಅಂಥ ಕಡೆಯಿಂದಲೇ ಒಪ್ಪಿಗೆ ಬರುವುದು. ಅದು ಕಿಟ್ ತಯಾರಿಸುವವರ ಕೆಲಸ. ಒಂದು ಗಾಡಿ, ಎರಡು ಸೀಟು ಹಿಡಿದುಕೊಂಡು ಹೋಗುವವರ ಕೆಲಸವಲ್ಲ. ಒಂದು ಕಡೆ ಫೋನ್ ಮಾಡಿ ಕೇಳಿದೆ. ಆ ಕಡೆಯವರಿಗೆ ನಾನು ಯಾವ ಕಂಪನಿಯವನು ಅಂತ ಹೇಳಿ ಸಾಕಾಯಿತು.

ಜರ್ಮನಿಯಲ್ಲಿರುವ ಗೆಳೆಯ ಇದನ್ನು ಕೇಳಿ ಬೆರಗಾದ. ಅಲ್ಲಿ ಟಿಯುವಿಯಂಥ ತಪಾಸಣಾ ಸಂಸ್ಥೆಯ ಇಂಜಿನಿಯರ್ ಒಬ್ಬರ ಒಂದೇ ಗಾಡಿಯನ್ನೂ ನೋಡುತ್ತಾರೆ, ಒಪ್ಪಿದರೆ ಗಾಡಿಯ ಕಾಗದದಲ್ಲಿ ಆ ಬದಲಾವಣೆ ಸೇರುತ್ತದೆ. ಅದಕ್ಕೆ ದುಡ್ಡು ಜಾಸ್ತಿ, ಎಷ್ಟೋ ಸಲ ಆಗಲ್ಲ ಅಂತಲೂ ಹೇಳುತ್ತಾರಂತೆ. ಆಗಲ್ಲ ಅಂದರೂ ನನಗೆ ಸಾಕಿತ್ತು. ಯಾಕೆ ಆಗಲ್ಲ ಅಂತಾದರೂ ಗೊತ್ತಾಗುತ್ತಿತ್ತು.

ಇನ್ಶೂರೆನ್ಸ್ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ಹೇಳದೆ ಮಾಡಿಸಿದ ಬದಲಾವಣೆ ಅಪಘಾತದ ದಿನ ಬೆಳಕಿಗೆ ಬಂದರೆ ಕ್ಲೇಮ್ ನಿಂತುಹೋಗಬಹುದು. ಆ ಭಯಕ್ಕೆ ಏಜೆಂಟ್ ಹೇಳಿದ ಹಾಗೆ ಮಾರನೇ ದಿನ ಎಲ್ಲ ವಾಪಸ್ ಹಾಕಿಸಲಿಲ್ಲ. ಹಳೇ ಬೆಂಚು ಹಾಕಿಸಿದೆ, ಇನ್ನೊಂದು ದಿನ ರಜೆ ಹಾಕಿ ಗಾಡಿ ತೋರಿಸಿದೆ, ಐದು ನಿಮಿಷದಲ್ಲಿ ಮುಗಿಯಿತು. ಚಕ್ರಗಳನ್ನು ವಾಪಸ್ ಕೊಟ್ಟು ನನ್ನದೇ ಒಂದು ಕಂಪನಿ ಸೆಟ್ ಕೊಂಡೆ.

ಈಗ ಮಗಳು ಜಿಪ್ಸಿ ಹಿಂದೆ ಕೂರುವುದಿಲ್ಲ, ನಾನು ಕೂರಿಸುವುದಿಲ್ಲ. ಊರಿಗೆ ಹೆಂಡತಿಯ ಕಾರಿನಲ್ಲಿ ಹೋಗುತ್ತೇವೆ. ಗುಜರಿಯಿಂದ ತಂದ ಸೀಟು ಟೆರೇಸಿನಲ್ಲಿವೆ, ತುಳಸಿಕಟ್ಟೆ ಪಕ್ಕ. ಸಂಜೆ ಅಪ್ಪ ಅದರಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಮಗಳು ಬಂದು ಅವರಿಗೆ ಬೆಲ್ಟ್ ಹಾಕುತ್ತಾಳೆ.